ಎಳೆ

ಕೌಲ್ ಬಜಾರಿನ ಸಂದಿಯೊಳಗೆ
ಹನ್ನೊಂದು ಮಷೀನಿನ ತಗಡಿನ ಶೆಡ್ಡು.
ಏಳನೆಯದು ನನ್ನದು. ನನ್ನದೆಂದರೆ
ಕೂರುವವಳು ನಾನು, ಮಷೀನು ಸೇಠನದು.

ಜೀನ್ಸಿನ ಕಾಲು ಕೂಡಿಸುವ ಕೆಲಸ,
ದಿನಕ್ಕೆ ತೊಂಬತ್ತು ಜೊತೆ ಕಾಲು.
ಹೊಲಿದದ್ದನ್ನು ತಿರುವಿ ನೋಡು,
ಎಲ್ಲಿ ಎಳೆ ಕಂಡರೂ ಎಳೆ,
ಹಲ್ಲಿಗೆ ಕೊಟ್ಟು ಕಟ್ಟೆನಿಸು.
ಈ ಕೈಗೆ ಬೇರೆ ಮಾತು ಗೊತ್ತಿಲ್ಲ.

ಗುಂಡಿ ಬಂದದ್ದು ಚಿಂದಿಯ ಚೀಲದೊಳಗಿಂದ.
ತಾಯಿ ಎಲ್ಲೋ, ಮೈತುಂಬ ನೀಲಿ ಧೂಳು,
ಕಣ್ಣು ಮಾತ್ರ ಎರಡು ಹಿತ್ತಾಳೆ ಗುಂಡಿ.
ಮಸ್ತಾನ್‌ಬಿ ಹೆಸರಿಟ್ಟಳು, ನಾನು ಅನ್ನವಿಟ್ಟೆ.
ಹುಲಿಗೆಮ್ಮ ಎಂದು ಕರೆಸಿಕೊಂಡವಳು
ಬೆಕ್ಕಾದರೂ ಸಾಕಬೇಡವೇ ಎಂದು ನಕ್ಕರು ಎಲ್ಲ.

ಮೇ ತಿಂಗಳು. ತಗಡಿನ ಮೇಲೆ ಹಪ್ಪಳ ಸುಡುವ ಹೊತ್ತು.
ಎರಡು ದಿನದಿಂದ ಅದು ಏನೂ ಮುಟ್ಟಿಲ್ಲ,
ಹೊಟ್ಟೆ ಹಿಂಡಿ ಹಿಂಡಿ ನೊರೆ ಕಕ್ಕಿ
ಕಟಿಂಗ್ ಟೇಬಲ್ಲಿನ ಕೆಳಗೆ ಮುದುಡಿದೆ.
"ಬಿಸಿಲು ಬಡದೈತೆ" ಎಂದ ಒಬ್ಬ.
"ಮೈ ಸುಡಾಕತ್ತೈತೆ, ಜ್ವರದ ಗುಳಿಗೆ ಅರ್ಧ ಅರೆದು ಹಾಕು" ಎಂದ ಇನ್ನೊಬ್ಬ.
ಅರೆದೂ ಆಗಿತ್ತು. ಚಮಚ ಕೈಯಲ್ಲಿತ್ತು.
ಬಾಯಿ ಬಿಡಿಸಿದರೆ
ನಾಲಿಗೆಯ ಬುಡಕ್ಕೆ ಸುತ್ತಿಕೊಂಡು
ಗಂಟಲಿಗಿಳಿದ ಕಿತ್ತಳೆ ದಾರ,
ಜೇಬಿನಂಚಿಗೆ ನಾವು ಹಾಕುವ ಅದೇ ದಪ್ಪ ದಾರ.

ಬೆರಳು ತಾನಾಗಿ ಹೋಯಿತು.
ಚಿವುಟಿ ಹಿಡಿದೂ ಹಿಡಿದೆ.
ಗುಂಡಿ ಕೂಗದೆ ನನ್ನನ್ನೇ ನೋಡಿತು.
ಆ ನೋಟಕ್ಕೋ ಏನೋ, ಕೈ ನಿಂತಿತು.

ದನದ ಆಸ್ಪತ್ರೆ. ಕಂಪೌಂಡರ್ ಎರ್ರಿಸ್ವಾಮಿ
ಎಮ್ಮೆಯ ಹಗ್ಗ ಬಿಟ್ಟು ಬಂದು ಮೊದಲು ಕೇಳಿದ್ದು:
"ದಾರ ಎಳದ್ಯೇನಮ್ಮ?"
ಇಲ್ಲ.
"ಗುಳಿಗೆ ಏನಾರ?"
ಅರೆದಿದ್ದೆ, ಹಾಕಲಿಲ್ಲ.
"ಬಚಾವು" ಎಂದ. ಬೆಕ್ಕಿಗೋ ನನಗೋ ತಿಳಿಯಲಿಲ್ಲ.
"ನಮ್ಮ ಜ್ವರದ ಗುಳಿಗೆ ಬೆಕ್ಕಿಗೆ ವಿಷ, ಅರ್ಧವೇ ಸಾಕು.
ದಾರ ಜಗ್ಗಿದ್ರೆ ಒಳಗ ಕರುಳು ನೆರಿಗೆ ಬೀಳ್ತೈತೆ,
ನೆರಿಗೆ ಮ್ಯಾಲೆ ದಾರ ಅಂದ್ರೆ ಗರಗಸ."

ನೆರಿಗೆ ನನಗೆ ಗೊತ್ತು.
ಒಂದೆಳೆ ಜಗ್ಗಿದರೆ ಇಡೀ ಸೊಂಟಪಟ್ಟಿ
ಸುರುಟಿ ಬರುವುದು ಕಂಡವಳು.
ಆ ಬೆರಳಿಗೆ ಸೆರಗು ಸುತ್ತಿ ಕೂತೆ.

ಡಾಕ್ಟರಮ್ಮ ಹೊಟ್ಟೆ ತೆರೆದು ಮುಚ್ಚಿದಳು.
ಹೊರಬಂದ ದಾರ ಒಂದೂವರೆ ಗೇಣು.
ಹೊಲಿಗೆ ಎಣಿಸಿದೆ, ಒಂಬತ್ತು.
ಕೊನೆಯದನ್ನು ನಾನಾಗಿದ್ದರೆ
ಒಂದು ನೂಲು ಒಳಗೆ ಹಾಕುತ್ತಿದ್ದೆ.
ಹೇಳಲಿಲ್ಲ.
ಚೀಟಿಯಲ್ಲಿ ಬರೆದರು, ಹೆಸರು: ಗುಂಡಿ.
ಮಾಲೀಕರು: ಹುಲಿಗೆಮ್ಮ.
ಎರಡು ಸಲ ಓದಿಸಿಕೊಂಡೆ.

ಈಗ ಸಂಜೆ ಶೆಡ್ಡಿನಲ್ಲಿ ಹೊಸ ಕಾಯಿದೆ.
ಮುರಿದ ಸೂಜಿಯ ಎರಡೂ ತುಂಡು ಸಿಗುವ ತನಕ
ಯಾರೂ ಏಳುವಂತಿಲ್ಲ.
ಬಿದ್ದ ದಾರ ಮುಚ್ಚಳದ ಡಬ್ಬಿಗೆ.
ಬಣ್ಣ ಬಿಟ್ಟ ನೀರಿಗೆ ಅದು ಬಾಯಿ ಹಾಕದಿರಲೆಂದು
ನೆರಳಿನಲ್ಲೊಂದು ಮಣ್ಣಿನ ಬೋಗುಣಿ.
ಹೊತ್ತು ಹಾಳು ಎಂದು ಸೇಠ ಗೊಣಗುತ್ತಾನೆ.
ಶೆಡ್ಡಿನಲ್ಲಿ ಬರಿಗಾಲಲ್ಲಿ ಓಡಾಡುವವನು ಅವನೊಬ್ಬನೇ.

ಹತ್ತು ದಿನ ಗಾಯ ನೆಕ್ಕಬಾರದೆಂದು
ಕೊರಳಿಗೆ ಪ್ಲಾಸ್ಟಿಕ್ ಕೊಡೆ ಹಾಕಿ ಕಳಿಸಿದ್ದರು.
ಗೋಡೆಗೆ ಢಿಕ್ಕಿ ಹೊಡೆದು ಮುನಿಸಿಕೊಂಡು ಕೂತಿತು.
ಆ ರಾತ್ರಿ ಹಳೆಯ ರವಿಕೆಯ ತೋಳು ಬಿಚ್ಚಿದೆ,
ಒಗೆದು ಒಗೆದು ಮೆತ್ತಗಾದ ಹತ್ತಿ,
ನಾಲ್ಕು ಕಾಲಿಗೆ ನಾಲ್ಕು ಕಿಂಡಿ.

ಇಪ್ಪತ್ತು ವರ್ಷ ಹೊಲಿದದ್ದು
ಇಪ್ಪತ್ತೆಂಟು, ಮೂವತ್ತು, ಮೂವತ್ತೆರಡು.
ಯಾರ ಸೊಂಟವೋ, ಕಂಡವಳಲ್ಲ.
ಮೊದಲ ಸಲ ಟೇಪನ್ನು
ಉಸಿರಾಡುವ ಮೈಯ ಸುತ್ತ ಹಾಯಿಸಿದೆ.
ಎದೆ ಹನ್ನೆರಡು. ಹೊಟ್ಟೆ ಹನ್ನೊಂದು,
ಉಸಿರು ಬಿಟ್ಟಾಗ ಹತ್ತೂಮುಕ್ಕಾಲು.
ಸಡಿಲಕ್ಕೆ ಇರಲೆಂದು
ಒಂದು ಬೆರಳು ಬಿಟ್ಟೆ.